ಎರಡು ತಲೆಯ ವಯರು

ಕಂಡಲ್ತುರೈ, ವಡಮರಾಚ್ಚಿ
11 ಮೇ 2023

ತಂಗಿ ತವಮಣಿಗೆ,

ನೀನು ನಮ್ಮ ಓಣಿ ಬಿಟ್ಟುಹೋದ ಹದಿನಾಲ್ಕೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಮನ್ನಾರಿನ ನಿನ್ನ ಮೋಟಾರ್ ವೈಂಡಿಂಗ್ ಅಂಗಡಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಿದ್ದು ನಿನ್ನ ಮಗಳು ವದನಿ ಇರಬೇಕು. "ಕಂಡಲ್ತುರೈ ವಾಚನಾಲಯದ ಅರುಳಂಬಲಂ" ಅಂದ ಕೂಡಲೇ ಮೂರು ಸಲವೂ ಫೋನ್ ಕಟ್ಟಾಯಿತು. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ, ಹರಿಯಬೇಕಾಗುತ್ತದೆ. ಹರಿಯುವ ಮುಂಚೆ ಓದು.

ನನ್ನ ಹೆಂಡತಿ, ನಿನ್ನ ಪೂರಣಂ ಅಕ್ಕನ ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ. ಐವತ್ತು ವರ್ಷ ತೆಂಗಿನ ಗರಿ, ತಾಳೆಯ ಗರಿ ಉರಿಸಿ ಅಡುಗೆ ಮಾಡಿದ್ದರ ಫಲ ಎನ್ನುತ್ತಾರೆ ಡಾಕ್ಟರು. ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿಗೆ ಕೊಡುವ ಒಂದು ಮಿಷಿನ್ ಬಂದಿದೆ. ದಿನಕ್ಕೆ ಹದಿನೆಂಟು ಗಂಟೆ ಅದು ಓಡಬೇಕು. ನಮ್ಮೂರಿನ ಕರೆಂಟು ವಾರಕ್ಕೆ ಮೂರು ಸಲ ಹೋಗುತ್ತದೆ. ಆಗ ಹಚ್ಚುವ ಆಮ್ಲಜನಕದ ಸಿಲಿಂಡರು ಮೂರು ಗಂಟೆ ಬರುತ್ತದೆ. ಕಳೆದ ತಿಂಗಳು ಒಂದು ದಿನ ಐದು ಗಂಟೆ ಲೈನ್ ಇರಲಿಲ್ಲ. ಉಳಿದ ಎರಡು ಗಂಟೆಯನ್ನು ನಾವಿಬ್ಬರೂ ಹೇಗೆ ಕಳೆದೆವು ಎಂದು ಬರೆಯಲಾರೆ.

ಆದ್ದರಿಂದ ಮನೆಗೇ ಕರೆಂಟು ಮಾಡಿಕೊಳ್ಳಲು ಹೊರಟಿದ್ದೇನೆ. ಮಾಡಿಗೆ ಸೋಲಾರು, ಕಡಲ ಕಡೆ ಒಂದು ಗಾಳಿಯಂತ್ರ. ಮಳೆಗಾಲದಲ್ಲಿ ಬಿಸಿಲು ಕೈಕೊಟ್ಟರೂ ಗಾಳಿ ಕೈಕೊಡುವುದಿಲ್ಲವಲ್ಲ. ಆದರೆ ಇವೆರಡನ್ನೂ ಮನೆಯ ಕರೆಂಟಾಗಿ ಮಾಡುವ ಇನ್ವರ್ಟರ್ ಯಾವುದು ಆರಿಸಬೇಕೆಂದು ಎಪ್ಪತ್ತನಾಲ್ಕು ವರ್ಷದ ಈ ತಲೆಗೆ ಹೊಳೆಯುತ್ತಿಲ್ಲ. ಕೇಳಿದವರೆಲ್ಲ ಒಂದೇ ಮಾತು ಹೇಳುತ್ತಾರೆ: "ಮನ್ನಾರ್ ತವಮಣಿಯನ್ನ ಕೇಳಿ."

ಕುಲಸಿಂಗಂ ಇದ್ದಿದ್ದರೆ ಅವನನ್ನೇ ಕೇಳುತ್ತಿದ್ದೆ. ಲೈನ್‌ಮ್ಯಾನ್ ಆಗಿದ್ದ ನಿನ್ನ ಗಂಡ ನಮ್ಮ ಓಣಿಯ ಮೂರನೇ ಕಂಬದ ಮೇಲೆ ಜೀವ ಬಿಟ್ಟದ್ದು ನೆನೆದರೆ ಆ ವಿದ್ಯುತ್ ಕಚೇರಿಯವರ ಮೇಲೆ ಈಗಲೂ ನನ್ನ ರಕ್ತ ಕುದಿಯುತ್ತದೆ.

ಇತಿ,
ಅರುಳಂಬಲಂ


ಮನ್ನಾರ್
29 ಮೇ 2023

ವಾಚನಾಲಯದ ಮಾಸ್ತರರಿಗೆ,

ಕಾಗದ ತಲುಪಿತು. ಅಕ್ಕನಿಗಾಗಿ ಉತ್ತರಿಸುತ್ತಿದ್ದೇನೆ.

ಆ ಮಿಷಿನಿನೊಳಗೆ ಕಂಪ್ರೆಸರ್ ಇದೆ. ಅಗ್ಗದ ಇನ್ವರ್ಟರಿನ ಕರೆಂಟು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಕಂಪ್ರೆಸರ್ ಗೊಣಗುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಸುಟ್ಟುಹೋಗುತ್ತದೆ. ಅಲೆ ನುಣುಪಾಗಿ ಕೊಡುವುದನ್ನೇ ಕೇಳಿ. ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರಬೇಕು. ಅಂಗಡಿಯಲ್ಲಿ ಒಂದು ಸಲ ಎತ್ತಿ ನೋಡಿ. ಒಂದೇ ಕೈಯಲ್ಲಿ ಎತ್ತಲು ಬಂದರೆ ಬೇಡ.

ಲೈನ್ ಹೋದಾಗ ತಾನೂ ನಿಂತುಹೋಗುವ ಒಂದು ಜಾತಿ ಇದೆ, ಬ್ಯಾಟರಿ ಇಲ್ಲದ್ದು. ಬಿಲ್ ಇಳಿಸಲು ಅದು ಒಳ್ಳೆಯದು. ಅಕ್ಕನಿಗೆ ಆಗಿಬರುವುದಿಲ್ಲ.

ಗಾಳಿಯಂತ್ರವನ್ನೂ ಸೋಲಾರನ್ನೂ ಒಂದೇ ಕಂಟ್ರೋಲರಿಗೆ ಕೊಡಬೇಡಿ. ಬ್ಯಾಟರಿ ತುಂಬಿದಾಗ ಸೋಲಾರನ್ನು ಸುಮ್ಮನೆ ಬಿಟ್ಟುಬಿಡಬಹುದು. ಗಾಳಿಯಂತ್ರವನ್ನು ಬಿಟ್ಟರೆ ಅದಕ್ಕೆ ಹುಚ್ಚು ಹಿಡಿಯುತ್ತದೆ. ಅದರ ಕರೆಂಟು ಸುಡಲು ಬೇರೆ ಹೀಟರು ಬೇಕು.

ಲೈನಿಗೂ ಇನ್ವರ್ಟರಿಗೂ ನಡುವೆ ಬದಲಿ ಸ್ವಿಚ್ ಇರಲಿ. ಒಂದು ಕಡೆ ಇದ್ದರೆ ಇನ್ನೊಂದು ಕಡೆ ಇರಬಾರದು. ಯಾಕೆಂದು ನಿಮಗೆ ವಿವರಿಸಬೇಕಾಗಿಲ್ಲ.

ತವಮಣಿ ಕುಲಸಿಂಗಂ


ಕಂಡಲ್ತುರೈ
14 ಜೂನ್ 2023

ತಂಗಿ ತವಮಣಿಗೆ,

ನಿನ್ನ ಕಾಗದವನ್ನು ಪೂರಣಂಗೆ ಎರಡು ಸಲ ಓದಿ ಹೇಳಿದೆ. "ಅವಳ ಅಕ್ಷರ ಹಾಗೇ ಇದೆಯಾ?" ಎಂದು ಕೇಳಿದಳು. ಹಾಗೇ ಇದೆ ಅಂದೆ.

ಯಾಳ್ಪಾಣದ ಸೋಲಾರ್ ಕಂಪನಿಯಿಂದ ಒಬ್ಬ ಬಂದಿದ್ದ, ಕೊರಳಿಗೆ ಗುರುತಿನ ಪಟ್ಟಿ, ಕೈಯಲ್ಲಿ ಬಣ್ಣದ ಪುಸ್ತಕ. "ಅಂಕಲ್, ಇದನ್ನ ಹಾಕಿದ್ರೆ ನೀವು ಗೌರ್ಮೆಂಟಿಗೇ ಕರೆಂಟ್ ಮಾರ್ತೀರಿ" ಅಂದ.

"ಲೈನ್ ಹೋದ್ರೆ ಏನಪ್ಪಾ?"

"ಲೈನ್ ಹೋದ್ರೆ ಅದೂ ನಿಲ್ತದೆ ಅಂಕಲ್. ರೂಲ್ಸು."

"ಮೇಲೆ ಸೂರ್ಯ ಇರ್ತಾನೆ?"

"ಇರ್ತಾನೆ."

"ಗಾಳಿ ಬೀಸ್ತಾ ಇರ್ತದೆ?"

"ಬೀಸ್ತದೆ ಅಂಕಲ್."

"ಮತ್ತೆ ನನ್ನ ಮನೆ ಮಾತ್ರ ಕತ್ತಲೆ! ಸೂರ್ಯನಿಗೂ ಕಚೇರಿಯವರ ಪರ್ಮಿಷನ್ ಬೇಕೇನಯ್ಯಾ?"

ಒಳಗಿನಿಂದ ಪೂರಣಂ, "ಆ ಮಗೂನ್ನ ಯಾಕೆ ಬೈತೀರಿ, ಟೀ ಕೊಡಿ" ಎಂದಳು. ತಾಳೆಬೆಲ್ಲ ಕಚ್ಚಿಕೊಂಡು ಕರಿ ಟೀ ಕುಡಿದು ಅವನು ಹೋದ. ನೀನು ಹೇಳಿದ ಜಾತಿ ಅದೇ ಎಂದು ಆಮೇಲೆ ತಿಳಿಯಿತು.

ಎರಡನೆಯವನು ನಮ್ಮೂರಿನವನೇ. ಬದಲಿ ಸ್ವಿಚ್ ಯಾಕೆ ಮಾಸ್ತರ್, ಸುಮ್ಮನೆ ಖರ್ಚು, ಗೋಡೆಯ ಸಾಕೆಟ್ಟಿಗೇ ಕೊಟ್ಟುಬಿಡೋಣ, ಮನೆಯೆಲ್ಲ ದೀಪ ಹತ್ತುತ್ತದೆ ಎಂದ. ಅವನನ್ನು ಹೊರಗೆ ಕಳಿಸಿದೆ.

ಆದರೆ ಅವನನ್ನು ಯಾವ ಬಾಯಲ್ಲಿ ಬೈಯಲಿ? ಯುದ್ಧದಿಂದಾಗಿ ತೊಂಬತ್ತರಿಂದ ಏಳು ವರ್ಷ ಈ ಕರಾವಳಿಗೆ ಕರೆಂಟೇ ಬರಲಿಲ್ಲ. ಸೈಕಲ್ ಡೈನಮೋ ತುಳಿದು ರೇಡಿಯೋ ಕೇಳಿದೆವು. ಜಾಮ್ ಬಾಟಲಿಯಲ್ಲಿ ಹತ್ತಿಯ ಬತ್ತಿ ಇಟ್ಟು ಮಕ್ಕಳನ್ನು ಓದಿಸಿದೆವು. ಐದು ಮನೆ ಸೇರಿ ಸೀಮೆಎಣ್ಣೆಯ ಜನರೇಟರ್ ಒಂದನ್ನು ತಂದಾಗ ಕುಲಸಿಂಗಂ ಆ ವಯರು ಮಾಡಿಕೊಟ್ಟ. ಎರಡು ತುದಿಗೂ ಪ್ಲಗ್ಗು. ಒಂದು ತಲೆ ಜನರೇಟರಿಗೆ, ಇನ್ನೊಂದು ನನ್ನ ಗೋಡೆಯ ಸಾಕೆಟ್ಟಿಗೆ. ಹೇಗೂ ಸತ್ತ ಲೈನು. ಆಚೆಯ ತಂತಿಯನ್ನು ಜನ ಕದ್ದು ಬಟ್ಟೆ ಒಣಗಿಸುತ್ತಿದ್ದರು. ನನ್ನ ಸಾಕೆಟ್ಟಿನಿಂದ ಕರೆಂಟು ಹಿಂದಕ್ಕೆ ಹೋಗಿ ಓಣಿಯ ಕಂಬದ ತಂತಿ ಹಿಡಿದು ಐದು ಮನೆಗೂ ಒಂದೊಂದು ಬಲ್ಬು ಹತ್ತುತ್ತಿತ್ತು. ಮನೆಯ ಮೇನ್ ಸ್ವಿಚ್ ಇಳಿಸುವ ಮಾತೇ ಇರಲಿಲ್ಲ. ಇಳಿಸಿದರೆ ಓಣಿಗೆ ಬೆಳಕೆಲ್ಲಿ?

ಇರಲಿ. ಹಳೆಯದನ್ನು ಯಾಕೆ ಬರೆದೆನೋ. ನೀನೇ ಬಂದು ಜೋಡಿಸಿಕೊಡುತ್ತೀಯಾ? ಇಲ್ಲಿಯವರನ್ನು ನಂಬಿ ಅವಳ ಉಸಿರನ್ನು ಕೊಡಲಾರೆ.

ಅರುಳಂಬಲಂ


ಮನ್ನಾರ್
20 ಆಗಸ್ಟ್ 2023

ಮಾಸ್ತರರಿಗೆ,

ಎರಡು ತಿಂಗಳು ಉತ್ತರಿಸಲಿಲ್ಲ. ಬರುವುದಿಲ್ಲ ಎಂದು ಬರೆಯಲು ಅಷ್ಟು ದಿನ ಬೇಕಾಗಿರಲಿಲ್ಲ. ಬರುತ್ತೇನೆ ಎಂದರೆ ಏನು ಕೇಳಬೇಕು ಎಂದು ಯೋಚಿಸಲು ಬೇಕಾಯಿತು.

ಕಚೇರಿಯ ದಾಖಲೆಯಲ್ಲಿ ನನ್ನವರ ಬಗ್ಗೆ ಹೀಗಿದೆ: "ತಂತಿಯನ್ನು ಪರೀಕ್ಷಿಸದೆ ಮುಟ್ಟಿದ್ದರಿಂದ, ಸ್ವಂತ ಅಜಾಗರೂಕತೆಯಿಂದ ಮರಣ." ಅವರನ್ನು ಕಂಬದಿಂದ ಇಳಿಸಿದಾಗ ಅಂಗಿಯ ಜೇಬಲ್ಲಿ ಮೂರು ಫ್ಯೂಸ್ ಇದ್ದವು. ಮೂಲೆಯ ಟ್ರಾನ್ಸ್‌ಫಾರ್ಮರಿನಿಂದ ಕಿತ್ತುಕೊಂಡು ಬಂದಿದ್ದರು, ಬೇರೆ ಯಾರೂ ತಿರುಗಿ ಹಾಕದಿರಲಿ ಎಂದು. ಅಜಾಗರೂಕ ಮನುಷ್ಯ ಫ್ಯೂಸು ಜೇಬಿಗೆ ಹಾಕಿಕೊಂಡು ಕಂಬ ಹತ್ತುತ್ತಾನಾ?

ಫ್ಯೂಸ್ ಕಿತ್ತ ತಂತಿಗೆ ಕರೆಂಟು ಬರಬೇಕಾದರೆ ಓಣಿಯ ಒಳಗಿನಿಂದಲೇ ಬರಬೇಕು. ಇದು ವೈಂಡಿಂಗ್ ಅಂಗಡಿಯ ಯಾರಿಗಾದರೂ ಗೊತ್ತು.

ವದನಿಗೆ ಈಗ ಇಪ್ಪತ್ತೊಂದು. ನನಗಿಂತ ಚೆನ್ನಾಗಿ ಕಾಯಿಲ್ ಸುತ್ತುತ್ತಾಳೆ. ಯಾರಾದರೂ "ಅಪ್ಪ ಹೇಗೆ ಹೋದರು" ಎಂದರೆ "ಜಾಗ್ರತೆ ಸಾಲದೆ" ಎನ್ನುತ್ತಾಳೆ. ಅದನ್ನು ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ನೀವು ಎಲ್ಲದಕ್ಕೂ ಅರ್ಜಿ ಬರೆಯುವವರು. ಆ ದಿನ ತಂತಿಗೆ ಕರೆಂಟು ಕೊಟ್ಟವರು ಯಾರು ಎಂದು ಕಚೇರಿಗೆ ಬರೆದು ಸಹಿ ಹಾಕಿ. ನಕಲು ನನಗೆ ಬರಲಿ. ಬಂದು ಜೋಡಿಸಿಕೊಡುತ್ತೇನೆ.

ತವಮಣಿ


ಕಂಡಲ್ತುರೈ
3 ಸೆಪ್ಟೆಂಬರ್ 2023

ತಂಗಿ,

ನಾನು ಬರೆಯಲಿಲ್ಲ ಎನ್ನುತ್ತೀಯಾ? ಕುಲಸಿಂಗಂ ವಿಷಯವಾಗಿ ಹದಿನಾಲ್ಕು ಅರ್ಜಿ ಬರೆದಿದ್ದೇನೆ. ನಕಲುಗಳೆಲ್ಲ ಟ್ರಂಕಿನಲ್ಲಿವೆ. ತಂತಿಯಲ್ಲಿ ಕರೆಂಟಿದೆಯೇ ಎಂದು ನೋಡುವ ಪರೀಕ್ಷೆಯ ದೀಪ ಮೂರು ತಂಡಕ್ಕೆ ಒಂದೇ ಯಾಕೆ ಕೊಟ್ಟಿರಿ ಎಂದು ಕೇಳಿದೆ. ಮಳೆ ನಿಲ್ಲುವ ಮುಂಚೆ ಕಂಬ ಹತ್ತಿಸಿದವರಾರು ಎಂದು ಕೇಳಿದೆ. ರಬ್ಬರ್ ಕೈಗವಸಿನ ತೂತುಗಳ ಬಗ್ಗೆಯೇ ಎರಡು ಪುಟ ಇದೆ. ಒಬ್ಬನೂ ಉತ್ತರಿಸಲಿಲ್ಲ. ಎಂಬತ್ತೊಂದರಲ್ಲಿ ಯಾಳ್ಪಾಣದ ನಮ್ಮ ಗ್ರಂಥಾಲಯ ಉರಿದಾಗಲೂ ಬರೆದೆ, ಆಗಲೂ ಉತ್ತರ ಬರಲಿಲ್ಲ. ಈ ದೇಶದಲ್ಲಿ ಉತ್ತರ ಕೊಡಬೇಕಾದವರು ಸತ್ತಿರುತ್ತಾರೆ, ಇಲ್ಲವೆ ವರ್ಗವಾಗಿರುತ್ತಾರೆ.

ನೀನು ಬರುವುದು ತಡವಾಗುತ್ತದೆಂದು ಗಾಳಿಯಂತ್ರವನ್ನು ನಾನೇ ನಿಲ್ಲಿಸಿದೆ. ಹೀಟರು ಸಿಗಲಿಲ್ಲ. ಸದ್ಯಕ್ಕೆ ಸೋಲಾರಿನ ಕಂಟ್ರೋಲರಿಗೇ ಕೊಟ್ಟೆ. ಮಂಗಳವಾರ ಮಧ್ಯಾಹ್ನ ಸೋಳಗ ಗಾಳಿ ತೆಂಕಣದಿಂದ ನುಗ್ಗಿತು. ಬ್ಯಾಟರಿ ತುಂಬಿತ್ತು. ನೀನು ಹೇಳಿದ ಹುಚ್ಚು ಏನೆಂದು ಆಗ ನೋಡಿದೆ. ಒಂದು ರೆಕ್ಕೆ ಕಿತ್ತುಹೋಗಿ ಪಕ್ಕದ ನುಗ್ಗೆಮರಕ್ಕೆ ಬಡಿಯಿತು. ಪಕ್ಕದ ಮನೆಯ ಸಿನ್ನಾಚ್ಚಿ ಅಜ್ಜಿ ಹೊರಗೆ ಬಂದು, "ಮಾಸ್ತರ್, ಹೆಲಿಕಾಪ್ಟರ್ ಹೋಯ್ತು ಅಂತ ಹದಿನಾಲ್ಕು ವರ್ಷ ನೆಮ್ಮದಿಯಾಗಿದ್ದೆ. ನೀನು ಮನೇಲೇ ತಯಾರು ಮಾಡ್ತಿದೀಯಾ?" ಎಂದಳು.

ಯಾರಿಗೂ ಏಟಾಗಲಿಲ್ಲ. ಪೂರಣಂಗೆ ಈಗ ಮಾತು ಮುಗಿಸುವುದರೊಳಗೆ ಎರಡು ಸಲ ಉಸಿರು ಬೇಕು. ಅವಳಿಗಾಗಿಯಾದರೂ ಬಾ.

ಅರುಳಂಬಲಂ


ಮನ್ನಾರ್
18 ಅಕ್ಟೋಬರ್ 2023

ಮಾಸ್ತರರಿಗೆ,

ಹದಿನಾಲ್ಕು ಅರ್ಜಿಯಲ್ಲಿ ನಾನು ಕೇಳಿದ ಒಂದು ಸಾಲಿಲ್ಲ.

ಹಾಗಾದರೆ ನಾನು ನೋಡಿದ್ದನ್ನು ಬರೆಯುತ್ತೇನೆ. ಎರಡು ಸಾವಿರದ ಎಂಟರ ಚಂಡಮಾರುತ ಕಳೆದ ಮೂರನೇ ದಿನ, ಸಾಯಂಕಾಲ ನಾಲ್ಕು ಗಂಟೆ. ಮೋಡಕ್ಕೆ ಅಡುಗೆಮನೆ ಕತ್ತಲಾಗಿತ್ತು. ಪುಟ್ಟು ಬೇಯಿಸಲು ಹಿಟ್ಟು ಕಲಸುತ್ತಿದ್ದೆ. ಬಲ್ಬು ಹತ್ತಿತು. "ನಿಮ್ಮಪ್ಪ ಲೈನ್ ಸರಿಮಾಡಿಬಿಟ್ರು ನೋಡೇ" ಎಂದು ವದನಿಗೆ ಹೇಳಿದೆ. ಅವಳು ಚಪ್ಪಾಳೆ ತಟ್ಟಿದಳು.

ಆಮೇಲೆ ಬಲ್ಬನ್ನು ನೋಡಿದೆ. ಹಳದಿಯಾಗಿ, ಮಂಕಾಗಿ, ನಡುಗುತ್ತಿತ್ತು. ಕಚೇರಿಯ ಕರೆಂಟು ಹಾಗೆ ನಡುಗುವುದಿಲ್ಲ. ಆ ನಡುಕ ನನಗೆ ಏಳು ವರ್ಷದ ಪರಿಚಯ. ಅದರ ಕೆಳಗೆ ಕೂತು ನಾನು ವೈಂಡಿಂಗ್ ಕಲಿತದ್ದು. ಅದು ನಿಮ್ಮ ಜನರೇಟರಿನ ನಡುಕ.

ಹೊರಗೆ ಓಡಿದೆ ಎಂದು ಬರೆಯಲು ಆಸೆ. ಓಡಲಿಲ್ಲ. ಕೈಗೆ ಹಿಟ್ಟು ಮೆತ್ತಿತ್ತು. ಮೂರು ದಿನದ ಮೇಲೆ ಬೆಳಕು ಬಂದಿತ್ತು. ಫೋನನ್ನು ಚಾರ್ಜಿಗೆ ಹಾಕಿದೆ. ಅಷ್ಟರಲ್ಲಿ ಕೂಗು ಕೇಳಿತು, ಬಲ್ಬು ಆರಿತು.

ಕಚೇರಿಯವರು ಕೇಳಿದಾಗ ನಾನೂ ಏನೂ ಹೇಳಲಿಲ್ಲ. ಹೇಳಿದ್ದರೆ ಫೋನಿನ ಮಾತೂ ಹೇಳಬೇಕಾಗಿತ್ತು. ನೀವು ಆ ಎರಡು ತಲೆಯ ವಯರು ಹಚ್ಚಿದಿರಿ. ನಾನು ನೋಡಿಯೂ ನಿಂತೆ. ನಾನು ಇದನ್ನು ಈಗ ಬರೆದಿದ್ದೇನೆ, ವದನಿಯೂ ಓದಿದ್ದಾಳೆ. ಮೂರು ದಿನ ಅವಳು ನನ್ನೊಡನೆ ಊಟಕ್ಕೆ ಕೂರಲಿಲ್ಲ. ನಿಮ್ಮ ಸರದಿ.

ತವಮಣಿ


ಕಂಡಲ್ತುರೈ
9 ನವೆಂಬರ್ 2023

ತಂಗಿ ತವಮಣಿಗೆ,

ನಿನ್ನ ಕಾಗದವನ್ನು ಪೂರಣಂಗೆ ಓದಿ ಹೇಳಲಿಲ್ಲ. ದಿಂಬಿನ ಕೆಳಗಿಟ್ಟಿದ್ದೆ, ಅವಳೇ ತೆಗೆದು ಓದಿದಳು. "ಆವತ್ತು ನೀವು ವಯರು ಚುಚ್ಚುವಾಗ ಟಾರ್ಚ್ ಹಿಡಿದಿದ್ದೋಳು ನಾನು" ಎಂದಳು. ಉಸಿರು ತೆಗೆದುಕೊಂಡಳು. "ಜೀವಮಾನವೆಲ್ಲ ಬೇರೆಯವರ ತಪ್ಪು ಬರೆದ್ರಿ. ಒಂದು ನಿಮ್ದೂ ಬರೀರಿ." ಇಷ್ಟು ವರ್ಷ ಒಂದೇ ಮಾಡಿನ ಕೆಳಗಿದ್ದು ಆ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ.

ಆವತ್ತು ನೆರೆಯ ನೀರು ಎಲ್ಲ ಬಾವಿಗೂ ನುಗ್ಗಿತ್ತು, ನಮ್ಮದು ಕಟ್ಟೆ ಎತ್ತರದ್ದು. ಓಣಿಯ ಹೆಂಗಸರು ಕೊಡ ಸಾಲಿಟ್ಟರು. ನಿನ್ನ ಎರಡು ಕೊಡವೂ ಇದ್ದವು. ಪಂಪು ಓಡಿಸಲು ಜನರೇಟರ್ ಎಳೆದೆ. ವಯರು ಮೊಳೆಯಲ್ಲೇ ಇತ್ತು. ಕೈ ತಾನಾಗಿ ಹೋಯಿತು. ಮೇನ್ ಇಳಿಸಬೇಕೆಂಬುದು ತಲೆಗೆ ಬರಲೇ ಇಲ್ಲ. ಏಳು ವರ್ಷ ಇಳಿಸದೇ ಇದ್ದ ಕೈ.

ವಯರು ಕೊಟ್ಟ ದಿನ ಕುಲಸಿಂಗಂ ಹೇಳಿದ್ದ: "ಅಣ್ಣ, ಲೈನ್ ಬಂದ ದಿನ ಇದನ್ನ ಕಡಿದು ಹಾಕ್ಬೇಕು." ಲೈನ್ ಬಂತು, ಕಡಿಯಲಿಲ್ಲ. ನಮಗೆ ಬಿಸಾಡುವುದು ಮರೆತುಹೋಗಿತ್ತು. ಪೆನ್‌ಟಾರ್ಚಿನ ಸೆಲ್ಲನ್ನೂ ಬಿಸಿಲಿಗಿಟ್ಟು ಇನ್ನೊಂದು ದಿನ ಓಡಿಸಿದ ಜನ. ತಾಮ್ರದ ವಯರನ್ನು ಯಾರು ಕಡಿಯುತ್ತಾರೆ?

ಕೂಗು ಕೇಳಿದಾಗ ಜನರೇಟರ್ ನಿಲ್ಲಿಸಿ ಗೋಣಿ ಹೊದಿಸಿದೆ, ವಯರನ್ನು ಅಕ್ಕಿಯ ಡಬ್ಬಿಯೊಳಗೆ ಇಟ್ಟೆ. ಪರವಾನಗಿ ಇಲ್ಲದ ಜನರೇಟರಿಗೆ ಆಗ ಸೈನ್ಯದವರು ಮನುಷ್ಯರನ್ನು ಎತ್ತಿಕೊಂಡು ಹೋಗುತ್ತಿದ್ದರು, ನಿಜ. ಆದರೆ ಯುದ್ಧ ಮುಗಿದೇ ಹದಿನಾಲ್ಕು ವರ್ಷ. ಆ ನೆಪವೂ ಹಳತಾಯಿತು.

ಅರ್ಜಿಯ ನಕಲು ಇದರೊಂದಿಗಿದೆ. ಹದಿನೈದನೆಯದು. ಅರ್ಧ ಪುಟ ಸಾಕಾಯಿತು.

ಅರುಳಂಬಲಂ


ಕಂಡಲ್ತುರೈ
27 ನವೆಂಬರ್ 2023

ತಂಗಿ,

ನನ್ನ ಜೀವನದಲ್ಲಿ ಮೊದಲ ಸಲ ಕಚೇರಿಯಿಂದ ಉತ್ತರ ಬಂದಿದೆ. "ತಾವು ಉಲ್ಲೇಖಿಸಿರುವ ಕಡತವನ್ನು ಹತ್ತು ವರ್ಷ ಮೀರಿದ ಕಾರಣ ನಿಯಮದಂತೆ ವಿಲೇವಾರಿ ಮಾಡಲಾಗಿದೆ. ತಿದ್ದುಪಡಿಗೆ ಅವಕಾಶವಿಲ್ಲ." ಕೆಳಗೆ ಮೊಹರು.

ಎದ್ದು ಕಚೇರಿಗೇ ಹೋದೆ. ಕೌಂಟರಿನ ಹುಡುಗಿ ಒಳ್ಳೆಯವಳು. "ಐಯಾ, ಫೈಲೇ ಇಲ್ಲ, ಎಲ್ಲಿ ತಿದ್ದಲಿ?" ಅಂದಳು. ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದೆ.

ನೀನು ಕೇಳಿದ್ದನ್ನು ಮಾಡಿದೆ. ಅದು ಎಲ್ಲಿಗೂ ತಲುಪಲಿಲ್ಲ. ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಅರುಳಂಬಲಂ


ಮನ್ನಾರ್
1 ಡಿಸೆಂಬರ್ 2023

ಮಾಸ್ತರರಿಗೆ,

ಕಚೇರಿಗೆ ಬೇಡವಾದರೆ ಬೇಡ. ನಕಲನ್ನು ವದನಿ ತೆಗೆದುಕೊಂಡಳು. ಎಲ್ಲಿಟ್ಟಿದ್ದಾಳೆಂದು ನಾನು ಕೇಳಿಲ್ಲ.

ಎಂಟನೇ ತಾರೀಕು ಬೆಳಗ್ಗಿನ ಬಸ್ಸಿಗೆ ಬರುತ್ತೇನೆ. ಇನ್ವರ್ಟರ್, ಹೀಟರು, ಬದಲಿ ಸ್ವಿಚ್, ಗಾಳಿಯಂತ್ರಕ್ಕೆ ಹೊಸ ರೆಕ್ಕೆ ನಾನೇ ತರುತ್ತೇನೆ. ಬಸ್ ನಿಲ್ದಾಣದಲ್ಲಿ ಕೈಗಾಡಿ ಇರಲಿ, ತೂಕದ್ದು. ಆ ವಯರನ್ನು ಬಿಸಾಡಬೇಡಿ. ಮೇಜಿನ ಮೇಲೆ ಇಟ್ಟಿರಿ.

ತವಮಣಿ


ಕಂಡಲ್ತುರೈ
24 ಡಿಸೆಂಬರ್ 2023

ತಂಗಿ ತವಮಣಿಗೆ,

ನೀನು ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡಿದೆ. ತಂದ ಬಾಟಲಿಯ ನೀರನ್ನೇ ಕುಡಿದೆ, ನಮ್ಮ ಬಾವಿಯದನ್ನು ಮುಟ್ಟಲಿಲ್ಲ. ವಯರನ್ನು ನಡುವೆ ಕತ್ತರಿಸಿ ಒಂದು ತಲೆ ನಿನ್ನ ಚೀಲಕ್ಕೆ ಹಾಕಿಕೊಂಡು ಇನ್ನೊಂದನ್ನು ಮೇಜಿನ ಮೇಲೇ ಬಿಟ್ಟೆ. ಪೂರಣಂ ನಿನ್ನ ಕೈ ಹಿಡಿದಾಗ ನೀನು ಬಿಡಿಸಿಕೊಳ್ಳಲಿಲ್ಲ. ಅದನ್ನು ನಾನು ನೋಡಿದೆ.

ಕಳೆದ ವಾರ ವಾಡೆ ಗಾಳಿ ಬಡಗಣದಿಂದ ಮಳೆಯೊಂದಿಗೆ ಬಂತು. ಎರಡು ದಿನ ಲೈನ್ ಇರಲಿಲ್ಲ. ಬಿಸಿಲೂ ಇರಲಿಲ್ಲ. ಗಾಳಿಯಂತ್ರವೇ ಎಳೆಯಿತು. ಮಿಷಿನ್ ಒಂದು ಸಲವೂ ನಿಲ್ಲಲಿಲ್ಲ.

ಎರಡನೇ ದಿನ ಬೆಳಿಗ್ಗೆ ಓಣಿಯವರೆಲ್ಲ ಫೋನ್ ಹಿಡಿದು ಬಂದರು. ಚಾರ್ಜಿಗೆ ಹಾಕಿಕೊಟ್ಟೆ. ಮೀನಿನ ಏಲಂ ಕೂಗುವ ವಲ್ಲಿಪುರಂ ಮಾತು ತೆಗೆದ: "ಮಾಸ್ತರಣ್ಣ, ಹಳೇ ಕಾಲದ ಹಾಗೆ ಲೈನಿಗೇ ಬಿಟ್ಟುಬಿಡಿ. ಮನೆಗೊಂದು ಬಲ್ಬ್ ಹತ್ತಲಿ."

"ಆಗಲ್ಲ" ಎಂದೆ.

"ಯಾಕಾಗಲ್ಲ? ಗಾಳಿಗೂ ಮೆಂಬರ್‌ಶಿಪ್ ಕಾರ್ಡ್ ಮಾಡಿಸ್ಬೇಕಾ?"

ಎಲ್ಲರೂ ನಕ್ಕರು. ಹೊರಗೆ ಮೂರನೇ ಕಂಬಕ್ಕೆ ಲೈನ್‌ಮ್ಯಾನ್ ಒಬ್ಬ ಏಣಿ ಒರಗಿಸುತ್ತಿದ್ದ. ಕಚೇರಿಯಲ್ಲಿ ಫೈಲಿಲ್ಲ. ಆದರೆ ಈ ಓಣಿ ಇದೆಯಲ್ಲ, ಸುಳ್ಳು ಹೇಳಿದ್ದು ಇಲ್ಲೇ ಅಲ್ಲವೇ ಎನ್ನಿಸಿತು. ಅಂಗಳಕ್ಕಿಳಿದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಕುಲಸಿಂಗಂ ಅಜಾಗ್ರತೆಯಿಂದ ಸಾಯಲಿಲ್ಲ. ಆವತ್ತು ಆ ತಂತಿಗೆ ಕರೆಂಟ್ ಕೊಟ್ಟದ್ದು ನನ್ನ ಜನರೇಟರು. ಮೇನ್ ಇಳಿಸದೆ ಕೊಟ್ಟೆ. ಆಮೇಲೆ ಬಚ್ಚಿಟ್ಟೆ."

ಸಿನ್ನಾಚ್ಚಿ ಅಜ್ಜಿ ಮೆಲ್ಲಗೆ ಅಂದಳು: "ನಮಗೆ ಗೊತ್ತಿತ್ತು ಮಗಾ. ನೀರು ಕುಡಿದೋರು ನಾವೇ ಅಲ್ವಾ." ಒಬ್ಬೊಬ್ಬರಾಗಿ ತಮ್ಮ ಫೋನ್ ತೆಗೆದುಕೊಂಡು ಹೋದರು. ಅರ್ಧ ಚಾರ್ಜಾಗಿತ್ತು.

ಏಣಿಯ ಹತ್ತಿರ ಹೋಗಿ ಆ ಹೊಸ ಲೈನ್‌ಮ್ಯಾನಿಗೆ, ನಮ್ಮ ಮನೆಯಿಂದ ಏನೂ ಬರುವುದಿಲ್ಲ ಎಂದು ಹೇಳಿದೆ. "ಸರಿ ಐಯಾ. ಆದ್ರೂ ನೋಡಿಯೇ ಮುಟ್ಟೋದು" ಎಂದು ಅವನು ಪರೀಕ್ಷೆಯ ದೀಪ ತೆಗೆದ. ಅವನ ಹತ್ತಿರ ಅದು ಇತ್ತು. ಅವನು ಇಳಿಯುವವರೆಗೆ ಅಲ್ಲೇ ನಿಂತಿದ್ದೆ, ಮಳೆಯಲ್ಲಿ ನೆನೆಯುತ್ತ.

ಒಳಗೆ ಬಂದಾಗ ಪೂರಣಂ ಕೇಳಿದಳು: "ಬಲ್ಬು ನಡುಗ್ತಿದೆಯಾ?"

ಇಲ್ಲ ಎಂದೆ.

ಅರುಳಂಬಲಂ


ಮನ್ನಾರ್
6 ಜನವರಿ 2024

ಅರುಳಣ್ಣ,

ಬ್ಯಾಟರಿಯ ತುದಿಗಳಿಗೆ ಕಡಲ ಉಪ್ಪು ಹಿಡಿಯುತ್ತದೆ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ ಗ್ರೀಸ್ ಹಚ್ಚಿ. ಗಾಳಿ ಜೋರಾದ ದಿನ ಹೀಟರು ಕೆಂಪಗಾದರೆ ಹೆದರಬೇಡಿ, ಅದು ಅದರ ಕೆಲಸ.

ನಿಮ್ಮ ಕಾಗದವನ್ನು ವದನಿ ಜೋರಾಗಿ ಓದಿದಳು. ಓಣಿಯ ಭಾಗ ಬಂದಾಗ ನಿಲ್ಲಿಸಿದಳು. ಆಮೇಲೆ ಮತ್ತೆ ಮೊದಲಿನಿಂದ ಓದಿದಳು. ನಿನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬರು ಅಪ್ಪನ ವಿಷಯ ಕೇಳಿದರು. "ಲೈನ್‌ಮ್ಯಾನ್ ಆಗಿದ್ರು. ಫ್ಯೂಸ್ ಕಿತ್ತು ಜೇಬಲ್ಲಿಟ್ಕೊಂಡೇ ಕಂಬ ಹತ್ತೋರು" ಎಂದಳು. ನನ್ನ ಮುಖ ನೋಡಿದಳು.

ಅವಳು ಆ ಕಂಬ ನೋಡಬೇಕಂತೆ. ಪೊಂಗಲ್ ಕಳೆದ ಮೇಲೆ ಇಬ್ಬರೂ ಬರುತ್ತೇವೆ. ಅಕ್ಕನಿಗೆ ಹೇಳಿ. ನಿಮ್ಮ ಬಾವಿಯ ನೀರು ವದನಿ ಕುಡಿಯುತ್ತಾಳೆ. ನನ್ನ ವಿಷಯ ಈಗಲೇ ಹೇಳಲಾರೆ.

ತವಮಣಿ